ಸ್ಟೇಷನ್ ಮಾಸ್ಟರ್‌ನ ಯತೀಮ ಮಗ ಕಟ್ಟಿದ ಆಸ್ಪತ್ರೆ ಸಾಮ್ರಾಜ್ಯ: ಡಾ. ಥಾಮಸ್ ಫ್ರಿಸ್ಟ್ ಬದುಕು

ಆಸ್ಪತ್ರೆ ಅಂದ ಕೂಡಲೇ ಕರಾವಳಿಯ ಜನರಿಗೆ ಮೂರು ಬಗೆ ನೆನಪಾಗುತ್ತದೆ. ಒಂದು, ವೆನ್ಲಾಕ್‌ನಂತಹ ಸರಕಾರಿ ಆಸ್ಪತ್ರೆ. ಇನ್ನೊಂದು, ಫಾದರ್ ಮುಲ್ಲರ್‌ನಂತೆ ಧರ್ಮಸೇವೆಯ ಹೆಸರಿನಲ್ಲಿ ಶುರುವಾದ ಆಸ್ಪತ್ರೆ. ಮೂರನೆಯದು, ಷೇರುದಾರರ ಹಣದಿಂದ ನಡೆಯುವ ಕಂಪೆನಿ ಆಸ್ಪತ್ರೆ. ಹತ್ತಾರು ನಗರಗಳಲ್ಲಿ ಒಂದೇ ಹೆಸರು, ಒಂದೇ ಬೋರ್ಡು, ಒಂದೇ ಬಗೆಯ ಬಿಲ್ಲು. ಇಂದು ಈ ಮೂರನೆಯ ಬಗೆ ಎಷ್ಟು ಮಾಮೂಲಿಯಾಗಿದೆ ಅಂದರೆ, ಅದಕ್ಕೂ ಒಂದು ಹುಟ್ಟು ಉಂಟು, ಅದನ್ನು ಬೆಳೆಸಿದ ಮನುಷ್ಯರು ಇದ್ದರು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಆ ಮನುಷ್ಯರ ಸಾಲಿನಲ್ಲಿ ಮೊದಲು ಬರುವ ಹೆಸರುಗಳಲ್ಲಿ ಒಂದು ಅಮೆರಿಕದ ಡಾ. ಥಾಮಸ್ ಫ್ರಿಸ್ಟ್ ಅವರದು. ಅವರು ವ್ಯಾಪಾರಿ ಮನೆತನದವರಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ಸಾಮಾನ್ಯ ವೈದ್ಯರಾಗಿದ್ದರು. ಜಗತ್ತಿನ ಅತಿ ದೊಡ್ಡ ಖಾಸಗಿ ಆಸ್ಪತ್ರೆ ಕಂಪೆನಿಯ ಅಡಿಗಲ್ಲು ಹಾಕುವಾಗ ಅವರಿಗೆ 57 ವರ್ಷ. ಅವರ ಬದುಕಿನಲ್ಲಿ ಕಲಿಯಲಿಕ್ಕೂ ಉಂಟು, ಎಚ್ಚರಿಕೆ ತೆಗೆದುಕೊಳ್ಳಲಿಕ್ಕೂ ಉಂಟು.

ರೈಲು ಹಳಿಯ ಪಕ್ಕದ ಬಾಲ್ಯ

ಥಾಮಸ್ ಫ್ರಿಸ್ಟ್ ಹುಟ್ಟಿದ್ದು 1910ರ ಡಿಸೆಂಬರ್ 15ರಂದು, ಅಮೆರಿಕದ ದಕ್ಷಿಣ ಭಾಗದ ಮಿಸ್ಸಿಸಿಪ್ಪಿ ರಾಜ್ಯದ ಮೆರಿಡಿಯನ್ ಎಂಬ ಊರಿನಲ್ಲಿ. ತಂದೆ ಜೇಕಬ್ ಚೆಸ್ಟರ್ ಫ್ರಿಸ್ಟ್ ಅಲ್ಲಿನ ರೈಲು ನಿಲ್ದಾಣದ ಸ್ಟೇಷನ್ ಮಾಸ್ಟರ್. 1914ರಲ್ಲಿ ಒಬ್ಬ ಹೆಂಗಸು ಮತ್ತು ಆಕೆಯ ಮೊಮ್ಮಗ ಬರುತ್ತಿದ್ದ ರೈಲಿನ ದಾರಿಯಲ್ಲಿ ಸಿಕ್ಕಿಕೊಂಡಾಗ ಜೇಕಬ್ ಹಿಂದೆ ಮುಂದೆ ನೋಡದೆ ನುಗ್ಗಿ ಅವರ ಜೀವ ಉಳಿಸಿದರು. ತಾವು ಮಾತ್ರ ತೀವ್ರವಾಗಿ ಗಾಯಗೊಂಡರು. ಈ ಸಾಹಸಕ್ಕೆ ಅವರಿಗೆ ಕಾರ್ನೆಗಿ ಪದಕ ಬಂತು. ಆದರೆ ದೇಹ ಮತ್ತೆ ಮೊದಲಿನಂತಾಗಲಿಲ್ಲ. ಐದು ವರ್ಷ ಕಳೆಯುವುದರೊಳಗೆ ಅವರು ತೀರಿಕೊಂಡರು. ಆಗ ಥಾಮಸ್‌ಗೆ ಎಂಟು ವರ್ಷ.

ಯಾರದೋ ಮಗುವನ್ನು ಉಳಿಸಲು ಹೋದ ಮನುಷ್ಯನ ಸ್ವಂತ ಮಕ್ಕಳು ಯತೀಮರಾದರು. ತಾಯಿ ಜೆನ್ನಿ ಎದೆಗುಂದಲಿಲ್ಲ. ಮನೆಯನ್ನೇ ಊಟ ವಸತಿಯ ಬಾಡಿಗೆ ಮನೆಯಾಗಿ ಮಾಡಿ, ಹೊರಗಿನವರಿಗೆ ಅಡುಗೆ ಮಾಡಿ ಬಡಿಸಿ ಮಕ್ಕಳನ್ನು ಸಾಕಿದರು. ಒಂದೇ ಸೂರಿನಡಿ ಹತ್ತು ಬಗೆಯ ಜನರನ್ನು ಸುಧಾರಿಸುವುದು, ಖರ್ಚು ಕೈಮೀರದಂತೆ ನೋಡಿಕೊಳ್ಳುವುದು, ಬಂದವರು ಬೇಸರಪಟ್ಟು ಹೋಗದಂತೆ ಉಪಚರಿಸುವುದು, ಇದನ್ನೆಲ್ಲ ಥಾಮಸ್ ನೋಡಿ ಬೆಳೆದರು. ವೈದ್ಯನಾಗಬೇಕೆಂಬ ಹಂಬಲವೂ ಎಳವೆಯಲ್ಲೇ ಹುಟ್ಟಿತು.

ಮಿಸ್ಸಿಸಿಪ್ಪಿ ವಿಶ್ವವಿದ್ಯಾನಿಲಯದಲ್ಲಿ ಪದವಿ ಮುಗಿಸಿದ ಮೇಲೆ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವೈದ್ಯಕೀಯ ಕಾಲೇಜು ಸೇರಿದರು. ಮನೆಯಿಂದ ಹಣ ಬರುವ ಸ್ಥಿತಿ ಇರಲಿಲ್ಲ, ಸಣ್ಣಪುಟ್ಟ ದುಡಿಮೆ ಮಾಡಿಕೊಂಡೇ ಓದು ಸಾಗಿತು. 1933ರಲ್ಲಿ ಎಂ.ಡಿ. ಪದವಿ ಕೈಗೆ ಬಂದಾಗ ಅಮೆರಿಕ ಮಹಾ ಆರ್ಥಿಕ ಕುಸಿತದ ನಡುವೆ ಇತ್ತು. ಅಯೋವಾದಲ್ಲಿ ಹೆಚ್ಚಿನ ತರಬೇತಿ ಮುಗಿಸಿ ನ್ಯಾಶ್‌ವಿಲ್‌ಗೆ ಮರಳಿ ಪ್ರಾಕ್ಟೀಸ್ ಶುರು ಮಾಡಿದರು. 1935ರಲ್ಲಿ ಡೊರೊಥಿ ಕೇಟ್ ಅವರನ್ನು ಮದುವೆಯಾದರು. ಐವರು ಮಕ್ಕಳು. ಮೂವರು ಗಂಡುಮಕ್ಕಳೂ ಮುಂದೆ ವೈದ್ಯರಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಸೇನೆಯ ವಾಯುದಳದ ವೈದ್ಯಾಧಿಕಾರಿಯಾಗಿ ಅಲಬಾಮಾದಲ್ಲಿ ಸೇವೆ ಸಲ್ಲಿಸಿದರು.

ಯುದ್ಧ ಮುಗಿದ ಮೇಲೆ ಅವರ ಹೆಸರು ಊರಿಡೀ ಹರಡಿತು. ಹೃದ್ರೋಗದಲ್ಲಿ ಕೈಗುಣವಿದ್ದ ವೈದ್ಯ. ಬಡವನೂ ಬರುತ್ತಿದ್ದ, ರಾಜ್ಯದ ಗವರ್ನರುಗಳೂ ಬರುತ್ತಿದ್ದರು. ರಾತ್ರಿ ಹೊತ್ತು ಕರೆ ಬಂದರೆ ಚೀಲ ಹಿಡಿದು ಹೊರಡುವ ಕಾಲ ಅದು.

ಒಂದು ಆಸ್ಪತ್ರೆಯ ಸಂಕಟ

ಆ ಕಾಲದ ಅಮೆರಿಕದಲ್ಲಿ ಆಸ್ಪತ್ರೆಗಳ ಸ್ಥಿತಿ ಹೇಗಿತ್ತು ಎಂದು ತಿಳಿಯದೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಹೆಚ್ಚಿನ ದೊಡ್ಡ ಆಸ್ಪತ್ರೆಗಳು ಚರ್ಚುಗಳದ್ದೋ, ದಾನಿಗಳ ಟ್ರಸ್ಟುಗಳದ್ದೋ, ಸ್ಥಳೀಯ ಆಡಳಿತದ್ದೋ ಆಗಿದ್ದವು. ವೈದ್ಯರೇ ಸೇರಿ ನಡೆಸುವ ಖಾಸಗಿ ಆಸ್ಪತ್ರೆಗಳೂ ಇದ್ದವು, ಆದರೆ ಅವು ಸಣ್ಣವು. 1946ರ ಹಿಲ್-ಬರ್ಟನ್ ಕಾಯಿದೆಯಡಿ ಕೇಂದ್ರ ಸರಕಾರ ಆಸ್ಪತ್ರೆ ಕಟ್ಟಲು ಧಾರಾಳವಾಗಿ ಅನುದಾನ ಕೊಡುತ್ತಿತ್ತು. ಆದರೆ ಆ ಅನುದಾನ ಸರಕಾರಿ ಮತ್ತು ಲಾಭರಹಿತ ಆಸ್ಪತ್ರೆಗಳಿಗೆ ಮಾತ್ರ. ಲಾಭಕ್ಕಾಗಿ ನಡೆಯುವ ಆಸ್ಪತ್ರೆ ಸಾಲ ಮಾಡಿಯೇ ಕಟ್ಟಬೇಕಿತ್ತು.

ನ್ಯಾಶ್‌ವಿಲ್‌ನಲ್ಲಿ ಹಾಸಿಗೆಗಳ ಕೊರತೆ ಇತ್ತು. ಡಾ. ಫ್ರಿಸ್ಟ್ ಮತ್ತು ಜೊತೆಯ ವೈದ್ಯರು ಸೇರಿ ಪಾರ್ಕ್ ವ್ಯೂ ಎಂಬ ಆಸ್ಪತ್ರೆ ಕಟ್ಟಿದರು. 1961ರಲ್ಲಿ ಅದು ಬಾಗಿಲು ತೆರೆಯಿತು. ರೋಗಿಗಳು ಬಂದರು, ಹೆಸರೂ ಬಂತು. ಆದರೆ ಬೆಳೆಸಲು ದುಡ್ಡು ಬೇಕಲ್ಲ? ವೈದ್ಯಕೀಯ ಯಂತ್ರಗಳು ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದ್ದವು. ಹತ್ತಾರು ವೈದ್ಯರು ಕಿಸೆಯಿಂದ ಹಾಕಿದ ಹಣದಲ್ಲಿ ದೊಡ್ಡ ಆಸ್ಪತ್ರೆ ನಡೆಸಲು ಸಾಧ್ಯವಿರಲಿಲ್ಲ. ಊರಿನ ನಾಲ್ಕು ಮಂದಿ ಸೇರಿ ನರ್ಸಿಂಗ್ ಹೋಮ್ ಶುರು ಮಾಡಿದ ಅನುಭವ ಇರುವ ಯಾರಿಗೂ ಈ ಸಂಕಟ ಹೊಸದಲ್ಲ.

ಇಲ್ಲಿ ಇಬ್ಬರು ವ್ಯಕ್ತಿಗಳು ಕತೆಯೊಳಗೆ ಬರುತ್ತಾರೆ. ಒಬ್ಬರು ಜ್ಯಾಕ್ ಮ್ಯಾಸಿ. ಔಷಧ ಅಂಗಡಿಯಿಂದ ಮೇಲೆ ಬಂದ ವ್ಯಾಪಾರಿ. 1964ರಲ್ಲಿ ಅವರು ಜಾನ್ ವೈ. ಬ್ರೌನ್ ಎಂಬ ಯುವ ವಕೀಲನ ಜೊತೆ ಸೇರಿ, ಹರ್ಲಂಡ್ ಸ್ಯಾಂಡರ್ಸ್ ಎಂಬ ಮುದುಕನ ಕೋಳಿ ವ್ಯಾಪಾರವನ್ನು 20 ಲಕ್ಷ ಡಾಲರಿಗೆ ಕೊಂಡಿದ್ದರು. ಇಂದು ಮಂಗಳೂರಿನಲ್ಲೂ ಕಾಣುವ ಕೆ.ಎಫ್.ಸಿ. ಅದೇ. ಒಂದೇ ರುಚಿ, ಒಂದೇ ಹೆಸರಿನ ನೂರಾರು ಅಂಗಡಿ ನಡೆಸುವ ವಿದ್ಯೆ ಮ್ಯಾಸಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಬ್ಬರು ಫ್ರಿಸ್ಟ್ ಅವರ ಹಿರಿಯ ಮಗ, ಥಾಮಸ್ ಫ್ರಿಸ್ಟ್ ಜೂನಿಯರ್. ವಾಯುಪಡೆಯಲ್ಲಿ ವೈದ್ಯರಾಗಿದ್ದ ಅವರ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಅದೇ ಟೆನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿ 1952ರಲ್ಲಿ ಶುರುವಾದ ಹಾಲಿಡೇ ಇನ್ ಹೊಟೇಲುಗಳು ದೇಶದ ಉದ್ದಗಲಕ್ಕೂ ಹಬ್ಬಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. ಹೊಟೇಲಿಗೆ ಆಗುವುದು ಆಸ್ಪತ್ರೆಗೆ ಯಾಕಾಗಬಾರದು ಎಂಬುದು ಮಗನ ಪ್ರಶ್ನೆ.

1968ರಲ್ಲಿ ಈ ಮೂವರು ಸೇರಿ ಹಾಸ್ಪಿಟಲ್ ಕಾರ್ಪೊರೇಶನ್ ಆಫ್ ಅಮೆರಿಕ, ಅಂದರೆ ಎಚ್.ಸಿ.ಎ. ಕಂಪೆನಿ ಸ್ಥಾಪಿಸಿದರು. ಮೊದಲ ಆಸ್ಪತ್ರೆ ಪಾರ್ಕ್ ವ್ಯೂ. ತಂದೆಯ ಬಳಿ ವೈದ್ಯರ ನಂಬಿಕೆ ಇತ್ತು, ಮಗನ ಬಳಿ ಯೋಜನೆ ಇತ್ತು, ಮ್ಯಾಸಿಯ ಬಳಿ ದುಡ್ಡು ಮತ್ತು ಷೇರು ಪೇಟೆಯ ಪರಿಚಯ ಇತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಗಾಡಿ ಓಡುತ್ತಿರಲಿಲ್ಲ.

ಬೆಳವಣಿಗೆಯ ಗುಟ್ಟು

1969ರಲ್ಲಿ ಕಂಪೆನಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಅದೇ ವರ್ಷದ ಕೊನೆಗೆ ಅದರ ಕೈಯಲ್ಲಿ 26 ಆಸ್ಪತ್ರೆಗಳು, ಸುಮಾರು 3,000 ಹಾಸಿಗೆಗಳು ಇದ್ದವು. ಇಷ್ಟು ವೇಗ ಹೇಗೆ ಸಾಧ್ಯವಾಯಿತು?

ಮೊದಲ ಕಾರಣ ಸರಕಾರದ ಹಣ. 1965ರಲ್ಲಿ ಅಮೆರಿಕ ಎರಡು ದೊಡ್ಡ ಯೋಜನೆ ತಂದಿತ್ತು. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೆಯ್ಡ್. ಅಲ್ಲಿಯವರೆಗೆ ವೃದ್ಧ ರೋಗಿ ಬಿಲ್ಲು ಕಟ್ಟುತ್ತಾನೋ ಇಲ್ಲವೋ ಎಂಬ ಅನುಮಾನ ಆಸ್ಪತ್ರೆಗೆ ಇತ್ತು. ಈಗ ಸರಕಾರವೇ ಕಟ್ಟತೊಡಗಿತು. ಆಗಿನ ನಿಯಮ ಹೇಗಿತ್ತೆಂದರೆ, ಚಿಕಿತ್ಸೆಗೆ ಎಷ್ಟು ಖರ್ಚಾಯಿತೋ ಅಷ್ಟನ್ನು ಆಸ್ಪತ್ರೆಗೆ ಕೊಡುವುದು. ಲಾಭಕ್ಕಾಗಿ ನಡೆಯುವ ಆಸ್ಪತ್ರೆಗಾದರೆ ಹೂಡಿದ ಬಂಡವಾಳದ ಮೇಲೂ ಒಂದಿಷ್ಟು ಪ್ರತಿಫಲ. ಖರ್ಚು ಹೆಚ್ಚಾದರೆ ನಷ್ಟವಿಲ್ಲ ಎಂಬ ಇಂತಹ ವ್ಯವಸ್ಥೆಯನ್ನು ಯಾವ ಹೂಡಿಕೆದಾರ ಬಿಟ್ಟಾನು?

ಎರಡನೆಯದು ಒಟ್ಟು ಖರೀದಿ. ಒಂದು ಆಸ್ಪತ್ರೆ ಹತ್ತಿ, ಸೂಜಿ, ಔಷಧ, ಎಕ್ಸ್‌ರೇ ಯಂತ್ರ ಕೊಳ್ಳುವ ದರ ಬೇರೆ. ನೂರು ಆಸ್ಪತ್ರೆ ಒಟ್ಟಿಗೆ ಕೊಳ್ಳುವ ದರ ಬೇರೆ. ಲೆಕ್ಕಪತ್ರ, ನೇಮಕಾತಿ, ಕಟ್ಟಡದ ನಕ್ಷೆ ಎಲ್ಲವೂ ಒಂದೇ ಕಡೆ ತಯಾರಾಗುತ್ತಿತ್ತು. ಮೂರನೆಯದು ಊರಿನ ಆಯ್ಕೆ. ಜನಸಂಖ್ಯೆ ಏರುತ್ತಿದ್ದ ದಕ್ಷಿಣದ ಊರುಗಳಲ್ಲಿ ಕಟ್ಟಡ ಹಳತಾಗಿ ಏದುಸಿರು ಬಿಡುತ್ತಿದ್ದ ಆಸ್ಪತ್ರೆಗಳನ್ನು ಕೊಂಡು ಅವರು ಹೊಸದಾಗಿ ಕಟ್ಟಿದರು. ಅಲ್ಲಿನ ಜನರಿಗೆ ಇದರಿಂದ ಉಪಕಾರವಾದದ್ದು ಸುಳ್ಳಲ್ಲ. ಸರಿಯಾದ ಆಪರೇಷನ್ ಕೋಣೆ ಇಲ್ಲದ ಊರಿಗೆ ಅದು ಬಂತು.

ಕಂಪೆನಿಯ ಮೊದಲ ಅಧ್ಯಕ್ಷರಾಗಿದ್ದ ಡಾ. ಫ್ರಿಸ್ಟ್ ಲೆಕ್ಕದ ಪುಸ್ತಕದ ಮನುಷ್ಯ ಆಗಿರಲಿಲ್ಲ. ದಿನನಿತ್ಯದ ಆಡಳಿತ ಬೇರೆಯವರ ಕೈಗೆ ಹೋದ ಮೇಲೆ ಅವರು ಊರೂರು ತಿರುಗಿ ಆಸ್ಪತ್ರೆಗಳನ್ನು ನೋಡುತ್ತಿದ್ದರು. ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಚಹಾ ಕುಡಿದು ಬರುವ ಭೇಟಿ ಅಲ್ಲ ಅದು. ಅಡುಗೆ ಕೋಣೆಗೆ, ಬಟ್ಟೆ ಒಗೆಯುವಲ್ಲಿಗೆ, ನೆಲ ಒರೆಸುವವರ ಬಳಿಗೆ ಹೋಗಿ ಮಾತಾಡಿಸುತ್ತಿದ್ದರು. ನೆಲ ಒರೆಸುವವರೂ ರೋಗಿಯ ಗುಣಕ್ಕೆ ಪಾಲುದಾರರು ಎಂಬುದು ಅವರ ನಂಬಿಕೆ. ರೋಗಿಯನ್ನು ಚೆನ್ನಾಗಿ ನೋಡಿಕೊಂಡರೆ ಲಾಭ ತಾನಾಗಿ ಬರುತ್ತದೆ ಎಂದೇ ಅವರು ತಿಳಿದಿದ್ದರು.

ರಿಯಾದ್‌ನ ನಂಟು

ಗಲ್ಫ್‌ನಲ್ಲಿ ದುಡಿದವರು ಇರುವ ಕರಾವಳಿಯ ಮನೆಗಳಿಗೆ ಈ ಕಂಪೆನಿಯ ಒಂದು ಅಧ್ಯಾಯ ಹತ್ತಿರದ್ದು. ಸೌದಿ ಅರೇಬಿಯದ ರಿಯಾದ್‌ನಲ್ಲಿ ದೊರೆ ಫೈಸಲ್ ಅವರು ಜಗತ್ತಿನ ಮೇಲ್ಮಟ್ಟದ ಒಂದು ಆಸ್ಪತ್ರೆ ಆಗಬೇಕೆಂದು ಕನಸು ಕಂಡಿದ್ದರು. ಕಟ್ಟಡ ಎದ್ದಿತು, ಯಂತ್ರಗಳು ಬಂದವು. ನಡೆಸುವವರು ಯಾರು? 1973ರಲ್ಲಿ ಸೌದಿ ಸರಕಾರ ಆ ಹೊಣೆಯನ್ನು ಎಚ್.ಸಿ.ಎ.ಗೆ ಒಪ್ಪಿಸಿತು. 1975ರಲ್ಲಿ ಕಿಂಗ್ ಫೈಸಲ್ ಸ್ಪೆಷಲಿಸ್ಟ್ ಆಸ್ಪತ್ರೆ ಉದ್ಘಾಟನೆಗೊಂಡಿತು. ಅಷ್ಟರಲ್ಲಿ ದೊರೆ ಫೈಸಲ್ ಇರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಅವರ ಹತ್ಯೆಯಾಗಿತ್ತು.

1980ರ ದಶಕದ ಮಧ್ಯದವರೆಗೆ ನ್ಯಾಶ್‌ವಿಲ್‌ನ ಈ ಕಂಪೆನಿಯೇ ಆ ಆಸ್ಪತ್ರೆಯ ಆಡಳಿತ ನೋಡಿಕೊಂಡಿತು. ಕಟ್ಟಡ ಒಬ್ಬರದ್ದು, ನಡೆಸುವ ಗುತ್ತಿಗೆ ಇನ್ನೊಬ್ಬರದ್ದು ಎಂಬ ಪದ್ಧತಿಗೆ ಇದು ಆ ಕಾಲದ ದೊಡ್ಡ ಉದಾಹರಣೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅಮೆರಿಕದಲ್ಲಿ ಆಸ್ಪತ್ರೆಯೇ ಕಂಪೆನಿಯ ಸೊತ್ತು. ರಿಯಾದ್‌ನಲ್ಲಿ ಆಸ್ಪತ್ರೆ ಸರಕಾರದ್ದು, ಕಂಪೆನಿ ಕೆಲಸ ತಿಳಿದ ಕೂಲಿಯಾಳು ಮಾತ್ರ.

ಎದ್ದ ಪ್ರಶ್ನೆಗಳು

1981ರ ಹೊತ್ತಿಗೆ ಎಚ್.ಸಿ.ಎ. ಬಳಿ 349 ಆಸ್ಪತ್ರೆಗಳು, 49,000ಕ್ಕೂ ಹೆಚ್ಚು ಹಾಸಿಗೆಗಳು ಇದ್ದವು. ಹ್ಯೂಮಾನಾದಂತಹ ಬೇರೆ ಕಂಪೆನಿಗಳೂ ಇದೇ ದಾರಿ ಹಿಡಿದಿದ್ದವು. ಆಗ ವೈದ್ಯಲೋಕದ ಒಳಗಿನಿಂದಲೇ ಎಚ್ಚರಿಕೆಯ ದನಿ ಎದ್ದಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯ ಸಂಪಾದಕ ಡಾ. ಆರ್ನಾಲ್ಡ್ ರೆಲ್ಮನ್ 1980ರಲ್ಲಿ ಬರೆದ ಲೇಖನ ದೇಶವಿಡೀ ಚರ್ಚೆಯಾಯಿತು. ಅವರ ವಾದದ ತಿರುಳು ಸರಳ. ರೋಗಿ ಅಂಗಡಿಗೆ ಬರುವ ಗಿರಾಕಿಯಂತಲ್ಲ. ಏನು ಬೇಕು, ಎಷ್ಟು ಬೇಕು ಎಂದು ಅವನಿಗೆ ತಿಳಿದಿರುವುದಿಲ್ಲ. ವೈದ್ಯ ಹೇಳಿದ್ದನ್ನು ನಂಬುತ್ತಾನೆ. ಹೇಳುವ ವೈದ್ಯನಿಗೇ ಆಸ್ಪತ್ರೆಯ ಲಾಭದಲ್ಲಿ ಪಾಲಿದ್ದರೆ ಆ ನಂಬಿಕೆಯ ಗತಿ ಏನು?

ಬಡ ರೋಗಿಯ ಪ್ರಶ್ನೆಯೂ ಇತ್ತು. ವಿಮೆ ಇಲ್ಲದವರನ್ನು ತುರ್ತು ವಿಭಾಗದಿಂದಲೇ ಸರಕಾರಿ ಆಸ್ಪತ್ರೆಗೆ ಸಾಗಹಾಕುವ ಪ್ರಕರಣಗಳು ಅಮೆರಿಕದ ಹಲವು ನಗರಗಳಲ್ಲಿ ಸುದ್ದಿಯಾದವು. ಇದು ಒಂದೇ ಕಂಪೆನಿಯ ದೋಷವಾಗಿರಲಿಲ್ಲ, ಆ ಕಾಲದ ರೋಗವಾಗಿತ್ತು. ಕೊನೆಗೆ 1986ರಲ್ಲಿ ಸಂಸತ್ತು ಕಾನೂನು ಮಾಡಿ, ತುರ್ತು ಸ್ಥಿತಿಯಲ್ಲಿ ಬಂದ ಯಾರನ್ನೇ ಆಗಲಿ ದುಡ್ಡಿನ ಪ್ರಶ್ನೆ ಎತ್ತದೆ ಮೊದಲು ಪರೀಕ್ಷಿಸಿ ಜೀವ ಉಳಿಸುವ ಚಿಕಿತ್ಸೆ ಕೊಡಬೇಕೆಂದು ಕಟ್ಟುಪಾಡು ಹಾಕಿತು.

ಅಷ್ಟರಲ್ಲಿ ಸರಕಾರದ ಥೈಲಿಯ ಬಾಯಿಯೂ ಬಿಗಿಯಾಗಿತ್ತು. 1983ರಿಂದ ಮೆಡಿಕೇರ್ ಹಳೆಯ ಪದ್ಧತಿ ಬಿಟ್ಟು, ಇಂತಿಂಥ ಕಾಯಿಲೆಗೆ ಇಂತಿಷ್ಟೇ ಹಣ ಎಂದು ಮೊದಲೇ ನಿಗದಿ ಮಾಡಿತು. ಈಗ ರೋಗಿಯನ್ನು ಹೆಚ್ಚು ದಿನ ಇಟ್ಟುಕೊಂಡರೆ ಆಸ್ಪತ್ರೆಗೇ ನಷ್ಟ. ಹಾಸಿಗೆಗಳು ಖಾಲಿ ಬೀಳತೊಡಗಿದವು. 1987ರಲ್ಲಿ ಎಚ್.ಸಿ.ಎ. 104 ಆಸ್ಪತ್ರೆಗಳನ್ನು ನೌಕರರೇ ಒಡೆಯರಾಗಿದ್ದ ಹೆಲ್ತ್‌ಟ್ರಸ್ಟ್ ಎಂಬ ಹೊಸ ಕಂಪೆನಿಗೆ ಬಿಟ್ಟುಕೊಟ್ಟಿತು. 1989ರಲ್ಲಿ ಫ್ರಿಸ್ಟ್ ಜೂನಿಯರ್ ಮತ್ತು ಸಂಗಡಿಗರು ಭಾರೀ ಸಾಲ ಎತ್ತಿ 510 ಕೋಟಿ ಡಾಲರಿಗೆ ಇಡೀ ಕಂಪೆನಿಯನ್ನು ಷೇರು ಪೇಟೆಯಿಂದ ಹೊರತಂದರು. 1992ರಲ್ಲಿ ಮತ್ತೆ ಪೇಟೆಗೆ ಮರಳಿತು.

ಕಡೆಯ ವರ್ಷಗಳ ನೋವು

1994ರಲ್ಲಿ ಎಚ್.ಸಿ.ಎ. ಕೊಲಂಬಿಯಾ ಎಂಬ ಕಂಪೆನಿಯೊಂದಿಗೆ ವಿಲೀನವಾಯಿತು. ಕೊಲಂಬಿಯಾವನ್ನು ಕಟ್ಟಿದವರು ರಿಚರ್ಡ್ ಸ್ಕಾಟ್ ಎಂಬ ವಕೀಲರು. ಟೆಕ್ಸಾಸ್‌ನ ಎಲ್ ಪಾಸೊ ನಗರದ ಎರಡು ಆಸ್ಪತ್ರೆಗಳಿಂದ ಶುರು ಮಾಡಿ ಕೆಲವೇ ವರ್ಷಗಳಲ್ಲಿ ದೇಶದ ಅಗ್ರ ಸಾಲಿಗೆ ಬಂದಿದ್ದರು. ಹೊಸ ಕಂಪೆನಿಯ ಚುಕ್ಕಾಣಿ ಅವರ ಕೈಗೆ ಹೋಯಿತು. 340ಕ್ಕೂ ಹೆಚ್ಚು ಆಸ್ಪತ್ರೆಗಳ ಈ ದೈತ್ಯದಲ್ಲಿ ಪ್ರತಿ ಆಸ್ಪತ್ರೆಗೂ ಲಾಭದ ಗುರಿ, ಗುರಿ ಮುಟ್ಟಿದ ಆಡಳಿತಗಾರನಿಗೆ ಬೋನಸ್.

1997ರ ಮಾರ್ಚ್‌ನಲ್ಲಿ ಕೇಂದ್ರ ತನಿಖಾಧಿಕಾರಿಗಳು ಎಲ್ ಪಾಸೊದ ಕಚೇರಿಗಳಿಗೆ ನುಗ್ಗಿ ಕಡತಗಳನ್ನು ವಶಪಡಿಸಿಕೊಂಡರು. ಜುಲೈಯಲ್ಲಿ ಹಲವು ರಾಜ್ಯಗಳಲ್ಲಿ ಶೋಧ ನಡೆಯಿತು. ಕಾಯಿಲೆಯನ್ನು ಇದ್ದುದಕ್ಕಿಂತ ದೊಡ್ಡದೆಂದು ಬರೆದು ಸರಕಾರದಿಂದ ಹೆಚ್ಚು ಹಣ ಪಡೆದದ್ದು, ಬೇಡದ ರಕ್ತಪರೀಕ್ಷೆಗಳ ಬಿಲ್ಲು, ರೋಗಿಗಳನ್ನು ಕಳುಹಿಸಿದ ವೈದ್ಯರಿಗೆ ಬೇರೆ ಬೇರೆ ರೂಪದ ಲಾಭ, ಹೀಗೆ ಆರೋಪಗಳ ಪಟ್ಟಿ ಉದ್ದವಾಯಿತು. ಸ್ಕಾಟ್ ರಾಜೀನಾಮೆ ಕೊಟ್ಟರು. ಅವರ ಮೇಲೆ ವೈಯಕ್ತಿಕವಾಗಿ ಮೊಕದ್ದಮೆ ಹೂಡಲಿಲ್ಲ. ಮಗ ಫ್ರಿಸ್ಟ್ ಮತ್ತೆ ಚುಕ್ಕಾಣಿ ಹಿಡಿದರು. ಎಲ್ಲ ತಪ್ಪನ್ನೂ ಹೊಸಬರ ತಲೆಗೆ ಕಟ್ಟುವ ಹಾಗಿರಲಿಲ್ಲ. ಕೆಲವು ಆರೋಪಗಳು ವಿಲೀನಕ್ಕಿಂತ ಹಿಂದಿನ ವರ್ಷಗಳ ಲೆಕ್ಕಪತ್ರಕ್ಕೂ ಸಂಬಂಧಪಟ್ಟಿದ್ದವು. 2000ದಿಂದ 2003ರೊಳಗೆ ಕಂಪೆನಿ ದಂಡ ಮತ್ತು ಪರಿಹಾರವಾಗಿ ಒಟ್ಟು ಸುಮಾರು 170 ಕೋಟಿ ಡಾಲರ್ ಕಟ್ಟಿತು. ಆರೋಗ್ಯ ಕ್ಷೇತ್ರದ ವಂಚನೆಗೆ ಆಗಿನವರೆಗೆ ಅಷ್ಟು ದೊಡ್ಡ ಮೊತ್ತ ಯಾರೂ ಕಟ್ಟಿರಲಿಲ್ಲ.

ಡಾ. ಥಾಮಸ್ ಫ್ರಿಸ್ಟ್ ಅದರ ಕೊನೆಯನ್ನು ನೋಡಲಿಲ್ಲ. ಶೋಧ ನಡೆದ ಮರುವರ್ಷ, 1998ರ ಜನವರಿ 4ರಂದು, 87ನೇ ವಯಸ್ಸಿನಲ್ಲಿ ನ್ಯಾಶ್‌ವಿಲ್‌ನಲ್ಲಿ ಕಣ್ಮುಚ್ಚಿದರು. ಅರವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದ ಪತ್ನಿ ಡೊರೊಥಿ ಕೂಡ ಅದೇ ವಾರ ತೀರಿಕೊಂಡರು. ಕಿರಿಯ ಮಗ, ಹೃದಯ ಕಸಿ ತಜ್ಞ ಬಿಲ್ ಫ್ರಿಸ್ಟ್ ಆಗ ಅಮೆರಿಕದ ಸೆನೆಟರ್. 2003ರಲ್ಲಿ ಅವರು ಸೆನೆಟ್‌ನ ಬಹುಮತ ಪಕ್ಷದ ನಾಯಕರಾದರು. ಎಚ್.ಸಿ.ಎ. ಇಂದೂ ಅಮೆರಿಕ ಮತ್ತು ಇಂಗ್ಲೆಂಡ್‌ನಲ್ಲಿ 180ಕ್ಕೂ ಹೆಚ್ಚು ಆಸ್ಪತ್ರೆಗಳನ್ನು ನಡೆಸುತ್ತದೆ. ಮುತುವರ್ಜಿಯಿಂದ ಸೇವೆ ಮಾಡಿದ ನೌಕರರಿಗೆ ಹಿರಿಯ ಫ್ರಿಸ್ಟ್ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತದೆ.

ಯಾರ ಅಮಾನತ್ತು?

ಕಂಪೆನಿ ಆಸ್ಪತ್ರೆಯ ಮಾದರಿ ಭಾರತಕ್ಕೆ ಬರಲು ತಡವಾಗಲಿಲ್ಲ. ಅಮೆರಿಕದಲ್ಲಿ ತರಬೇತಿ ಪಡೆದು ಬಂದ ಹೃದ್ರೋಗ ತಜ್ಞ ಡಾ. ಪ್ರತಾಪ್ ಸಿ. ರೆಡ್ಡಿ 1983ರಲ್ಲಿ ಚೆನ್ನೈಯಲ್ಲಿ ಅಪೋಲೊ ಆಸ್ಪತ್ರೆ ತೆರೆದರು. ಇಂದು ಮಂಗಳೂರಿನಿಂದ ಕಾಸರಗೋಡಿನವರೆಗೆ ಯುವ ವೈದ್ಯರು, ಗಲ್ಫ್‌ನಿಂದ ಮರಳಿದ ಉದ್ಯಮಿಗಳು ಸೇರಿ ಆಸ್ಪತ್ರೆ ಕಟ್ಟುವ ಮಾತು ಆಗಾಗ ಕೇಳಿಬರುತ್ತದೆ. ಒಳ್ಳೆಯದೇ. ದುಡ್ಡು ಹಾಕಿದವನು ಲಾಭ ಕೇಳುವುದು ಹರಾಮ್ ಅಲ್ಲ, ನಷ್ಟದಲ್ಲಿ ನಡೆಯುವ ಆಸ್ಪತ್ರೆ ಬಡವನಿಗೂ ಹೆಚ್ಚು ದಿನ ಆಸರೆಯಾಗುವುದಿಲ್ಲ.

ಆದರೆ ಮುಸ್ಲಿಮ್ ಇತಿಹಾಸದಲ್ಲಿ ಇನ್ನೊಂದು ದಾರಿಯೂ ಇತ್ತು ಎಂಬುದನ್ನು ಮರೆಯಬಾರದು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಗೆ ಅಂಗಡಿ, ಜಮೀನುಗಳನ್ನು ವಕ್ಫ್ ಮಾಡಲಾಗಿತ್ತು. ಆ ಆದಾಯದಿಂದ ಬಡವ ಬಲ್ಲಿದ ಎನ್ನದೆ ಚಿಕಿತ್ಸೆ ನಡೆಯುತ್ತಿತ್ತು. ಅಲ್ಲಿ ರೋಗಿಯ ಕಾಯಿಲೆ ಆದಾಯದ ಮೂಲ ಆಗಿರಲಿಲ್ಲ, ಆದಾಯ ಬೇರೆ ಕಡೆಯಿಂದ ಬರುತ್ತಿತ್ತು.

ಫ್ರಿಸ್ಟ್ ಅವರ ಬದುಕು ಕಲಿಸುವುದು ಇಷ್ಟು. ಅವರು ನಿಯತ್ತಿನ ವೈದ್ಯರು, ಅದರಲ್ಲಿ ಅನುಮಾನ ಬೇಡ. ಆದರೆ ಒಬ್ಬ ಮನುಷ್ಯನ ನಿಯತ್ತು ಒಂದು ಆಸ್ಪತ್ರೆಯನ್ನು ಕಾಯಬಹುದು, 340 ಆಸ್ಪತ್ರೆಗಳನ್ನಲ್ಲ. ಅಷ್ಟು ದೊಡ್ಡದಾದ ಮೇಲೆ ಕಾಯಬೇಕಾದ್ದು ನಿಯಮ. ಬಡ ರೋಗಿಗೆ ಎಷ್ಟು ಹಾಸಿಗೆ ಮೀಸಲು, ಬಿಲ್ಲನ್ನು ತಪಾಸಣೆ ಮಾಡುವವರು ಯಾರು, ಪರೀಕ್ಷೆ ಬರೆದುಕೊಟ್ಟ ವೈದ್ಯನಿಗೆ ಆ ಪರೀಕ್ಷೆಯ ಲಾಭದಲ್ಲಿ ಪಾಲು ಉಂಟೋ ಇಲ್ಲವೋ, ಇವೆಲ್ಲ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಮೊದಲೇ ಕಾಗದದಲ್ಲಿ ಬರೆದಿಡಬೇಕಾದ ಮಾತುಗಳು. ಷೇರು ಮಾರಿದ ಮೇಲೆ ಬರೆಯಲು ಕೂತರೆ ಕೈ ತಡೆಯುವವರು ಹಲವರಿರುತ್ತಾರೆ. ಆಸ್ಪತ್ರೆ ಕಟ್ಟುವ ಕನಸಿರುವ ಯುವಕ ಯುವತಿಯರು ಮೊದಲ ಸಭೆಯಲ್ಲೇ ಈ ಕಾಗದವನ್ನು ಮೇಜಿನ ಮೇಲೆ ಇಡಲಿ.